ಗಲ್ಲದ ಗುರುತು

ಮೊನ್ನೆ ಗ್ಯಾರೇಜೊಂದರ ಮುಂದೆ ಬಣ್ಣ ಕರಗಿಸುವ ಥಿನ್ನರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ತಾನಾಗಿ ಗಲ್ಲಕ್ಕೆ ಹೋಯಿತು.

ಎಪ್ಪತ್ತರ ದಶಕದ ಬಸವನ ಬಾಗೇವಾಡಿ. ಅಪ್ಪ ನಮ್ಮ ಹಿತ್ತಲಲ್ಲೇ ಕಾರುಗಳಿಗೆ ಬಣ್ಣ ಹೊಡೆಯುತ್ತಿದ್ದ. ಒಂದು ದಿನ ಊರ ಡಾಕ್ಟರರ ಕಾರಿನ ಬಾಗಿಲ ಒಳಬದಿಯ ಪ್ಲಾಸ್ಟಿಕ್ ಹಲಗೆ ಬಂದಿತ್ತು. ಅದರ ಮೈತುಂಬ ಚರ್ಮದಂಥ ಸಣ್ಣ ಸುಕ್ಕು. ಅದನ್ನು ನುಣುಪು ಮಾಡುವುದು ಅವ್ವನ ಕೆಲಸ. ಪಾಲಿಶ್ ಪೇಪರನ್ನು ನೀರಲ್ಲಿ ಅದ್ದಿ ಅದ್ದಿ ಮಧ್ಯಾಹ್ನದವರೆಗೆ ಉಜ್ಜಿದಳು. ಕೊನೆಗೆ ಇಳಕಲ್ ಸೀರೆಯ ರೇಷ್ಮೆ ಸೆರಗನ್ನು ಅದರ ಮೇಲೆ ಎಳೆದು ನೋಡಿದಳು. ಒಂದೆಳೆಯೂ ಸಿಕ್ಕಿಕೊಳ್ಳಲಿಲ್ಲ. ಅವಳು ಒಳಗೆ ಹೋದಾಗ ನಾನೂ ನನ್ನ ಪರೀಕ್ಷೆ ಮಾಡಿದೆ, ಗಲ್ಲ ಒತ್ತಿ. ಬೆಳಿಗ್ಗೆ ತಲೆಗೆ ಸುರಿದ ಕುಸುಬೆ ಎಣ್ಣೆ ಗಲ್ಲದವರೆಗೂ ಇಳಿದಿತ್ತು.

ಅಪ್ಪ ಬಣ್ಣ ಹೊಡೆದ. ನಟ್ಟನಡುವೆ ಬಣ್ಣ ಹಿಡಿಯದೆ ಸರಿದು ಗಲ್ಲದಷ್ಟಗಲ ಮಚ್ಚೆ ಎದ್ದಿತು.

"ಯಾರ ಎಣ್ಣಿ ಕೈ ಹಚ್ಚಿದ್ದು? ಡಾಕ್ಟರ್ ನಾಳಿ ಮುಂಜಾನಿ ಬರ್ತಾರ!" ಎಂದು ಗುಡುಗಿದ.

ಅವ್ವ ನನ್ನ ಗಲ್ಲ ನೋಡಿದಳು. "ನಂದ ತಪ್ಪರಿ. ಒಗ್ಗರಣಿ ಕೈಲೆ ಮುಟ್ಟೇನಿ. ಸಂಜಿ ಒಳಗ ಮತ್ತ ನುಣ್ಣಗ ಮಾಡಿ ಕೊಡ್ತೇನಿ."

ಅಪ್ಪ ಆಚೆ ಹೋದ ಮೇಲೆ ಅವಳು ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಹಲಗೆಯ ಹಸಿ ಬಣ್ಣ ಒರೆಸಿದಳು. ನನ್ನ ಮುಖವನ್ನು ಎರಡು ಸಲ ಸಾಬೂನು ಹಚ್ಚಿ ತೊಳೆದಳು. ಪೇಪರನ್ನು ಅರ್ಧ ಹರಿದು ನನ್ನ ಕೈಗಿಟ್ಟಳು.

"ಉಜ್ಜು."

ಬೆರಳ ತುದಿಗಳು ಉರಿದವು. ಸೆರಗು ಎರಡು ಸಲ ಸಿಕ್ಕಿಕೊಂಡಿತು. ಎರಡೂ ಸಲ ಅವಳದು ಒಂದೇ ಮಾತು: "ಮತ್ತ ಉಜ್ಜು." ಮೂರನೆಯ ಸಲ ಸೆರಗು ತಡೆಯಿಲ್ಲದೆ ಜಾರಿತು.

ಅವ್ವ ಹಲಗೆಯನ್ನು ಎತ್ತಿ ನನ್ನ ಮುಖದ ಹತ್ತಿರ ಹಿಡಿದಳು.

"ಈಗ ಹಚ್ಚು ಗಲ್ಲಾ."