ಜಿಡ್ಡು ಬೇಡದ ಅಚ್ಚು

ಮೊನ್ನೆ ಮಗುವಿಗೆಂದು ತಂದ ಕ್ರೀಮಿನ ಮುಚ್ಚಳ ತೆಗೆದಾಗ, ಸ್ವೀಡನ್ನಿನ ಯೋನ್‌ಶೋಪಿಂಗ್‌ನಲ್ಲಿ ನಮ್ಮ ಊಟದ ಮೇಜಿನ ಮೇಲೆ ಒಂದು ಮಧ್ಯಾಹ್ನ ಹರಡಿದ್ದ ಉಣ್ಣೆ ಜಿಡ್ಡಿನ ವಾಸನೆಯೇ ಬಂತು.

ಅಪ್ಪ ಪಿಸ್ತೂಲು ಕ್ಲಬ್ ಸೇರಿದ ವರ್ಷ ಅದು. ಶನಿವಾರಗಳೆಲ್ಲ ಅಲ್ಲೇ ಕಳೆಯುತ್ತಿದ್ದುದಕ್ಕೆ ಅಮ್ಮ ಒಂದು ವಾರದಿಂದ ಮಾತು ಬಿಟ್ಟಿದ್ದಳು. ಆ ದಿನ ಕ್ಲಬ್ಬಿನ ಹಿರಿಯ ಬೆಂಗ್ಟ್ ಮನೆಗೆ ಎರಡು ಡೈಗಳನ್ನೂ ಒಂದು ಡಬ್ಬಿ ಜಿಡ್ಡನ್ನೂ ತಂದರು. ಹಾರಿಸಿದ ಗುಂಡಿನ ಖಾಲಿ ಹಿತ್ತಾಳೆ ಕೊಳವೆಗೆ ಮತ್ತೆ ಮದ್ದು ತುಂಬುವ ಮೊದಲು ಅದನ್ನು ಒತ್ತಿ ಅಳತೆಗೆ ತರುವ ಅಚ್ಚುಗಳು ಅವು.

"ಇದು ಕಾರ್ಬೈಡ್, ಉಕ್ಕಿಗಿಂತ ಗಟ್ಟಿ, ನುಣುಪು. ಜಿಡ್ಡು ಸವರೋ ಕೆಲಸವೇ ಇಲ್ಲ, ನೀನೊಬ್ಬನೇ ಮಾಡಿ ಮುಗಿಸ್ಬಹುದು," ಎಂದು ಇಂಗ್ಲಿಷಿನಲ್ಲಿ ಹೇಳಿದರು. "ಅದು ಬರೀ ಉಕ್ಕು. ಜಿಡ್ಡು ಹಚ್ಚದಿದ್ರೆ ಕೊಳವೆ ಸಿಕ್ಕಿಹಾಕ್ಕೊಳ್ಳುತ್ತೆ."

ಅಪ್ಪ ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿ ಉಕ್ಕಿನದನ್ನು ಇಟ್ಟುಕೊಂಡ. ಬೆಂಗ್ಟ್ ಹುಬ್ಬೇರಿಸಿ, ಕಾಫಿ ಮುಗಿಸಿ ಹೊರಟರು.

"ಸ್ವಲ್ಪ ಬರ್ತೀಯಾ?" ಅಪ್ಪ ಅಡುಗೆಮನೆಯತ್ತ ಕರೆದ. "ನನ್ನೊಬ್ಬನ ಕೈಲಿ ಆಗಲ್ಲ ಇದು."

ಅಮ್ಮ ಬಂದು ಡಬ್ಬಿ ಮೂಸಿದಳು. "ಕುರಿ ಕೊಬ್ಬಾ?"

"ಉಣ್ಣೆ ಜಿಡ್ಡು ಕಣೇ. ಕುರಿ ಇನ್ನೂ ಓಡಾಡ್ಕೊಂಡಿದೆ."

ಅಮ್ಮ ನಗಲಿಲ್ಲ, ಆದರೆ ಕುರ್ಚಿ ಎಳೆದುಕೊಂಡಳು. ಹಲಸಿನ ಹಣ್ಣು ಬಿಡಿಸುವವಳ ಹಾಗೆ ಬೆರಳಿಗೆ ಜಿಡ್ಡು ಹಚ್ಚಿಕೊಂಡು ಒಂದೊಂದೇ ಕೊಳವೆಗೆ ಸವರಿ ಕೊಟ್ಟಳು. ಅಪ್ಪ ಅಚ್ಚನ್ನು ಮೇಜಿಗೆ ಬಿಗಿದ ಪ್ರೆಸ್ಸಿಗೆ ಸಿಕ್ಕಿಸಿ ಹಿಡಿ ಒತ್ತುತ್ತಾ ಹೋದ. ಕತ್ತಲಾಗುವ ಹೊತ್ತಿಗೆ ಇಬ್ಬರೂ ಬೆಂಗಳೂರಿನಲ್ಲಿ ಯಾರದೋ ಮದುವೆಯ ಬಗ್ಗೆ ಮಾತಾಡುತ್ತಿದ್ದರು.

ಆಮೇಲೆ ಅಮ್ಮ ಕೈ ತೊಳೆಯುವಾಗ ನಾನು ಹೇಳಿದೆ: "ಆ ಇನ್ನೊಂದು ಅಚ್ಚಿಗೆ ಜಿಡ್ಡೇ ಬೇಕಾಗಿರ್ಲಿಲ್ಲ, ಗೊತ್ತಾ?"

"ಗೊತ್ತು. ಅಡುಗೆಮನೆಗೆ ಕೇಳಿಸ್ತು," ಅಂದಳು ಅಮ್ಮ. "ಅಪ್ಪಂಗೆ ಹೇಳ್ಬೇಡ."