ಹತ್ತಿರದ ದಾರಿ

"ಅಲ್ಲ ಸ್ವಾಮಿ, ಮಂಗಳೂರಿಗೆ ಮಡಿಕೇರಿ ಮೇಲೆ ಹೋದ್ರೆ ತಾನೆ ಹತ್ರ? ಹಾಸನ ಯಾಕೆ ಸುತ್ಕಂಡು ಹೋಗ್ಬೇಕು?"

ವ್ಯಾನಿನೊಳಗೆ ಮಂಚ ಕೂರಿಸುತ್ತಿದ್ದ ಬಡಗಿ ಕೆಂಪಯ್ಯ ಸುಮ್ಮನೆ ಕೇಳಿದ ಮಾತು ಅದು. ಗೋವಿಂದರಾಜು ಆಗಲೇ ಒರೆಸಿ ಆಗಿದ್ದ ಸ್ಪ್ಯಾನರನ್ನು ಮತ್ತೆ ಒರೆಸತೊಡಗಿದರು. ಜಗಲಿಯಲ್ಲಿ ಕೂತು ವ್ಯಾನಿನ ಕಿಟಕಿಗಳಿಗೆ ಪರದೆ ಹೊಲಿಯುತ್ತಿದ್ದ ಹೆಂಡತಿ ಚಂದ್ರಮತಿ ತಲೆಯೆತ್ತಿ ನೋಡಿದರು.

ಅರಮನೆಯ ಮೋಟಾರುಖಾನೆಯಿಂದ ನಿವೃತ್ತರಾದ ವರ್ಷವೇ ಗೋವಿಂದರಾಜು ಮಿಲಿಟರಿಯವರ ಹಳೆಯ ಆಂಬುಲೆನ್ಸೊಂದನ್ನು ಹರಾಜಿನಲ್ಲಿ ಹಿಡಿದಿದ್ದರು. ಒಳಗೆ ಎರಡು ಮಂಚ, ಸೀಮೆಎಣ್ಣೆ ಸ್ಟೌವಿಗೊಂದು ಗೂಡು, ನೆತ್ತಿಯ ಮೇಲೆ ನೀರಿನ ಡ್ರಮ್ಮು. ಜಯಲಕ್ಷ್ಮಿಪುರಂನ ಜನ ಸಂಜೆಯ ತಿರುಗಾಟಕ್ಕೆ ಹೊರಟವರು ಗೇಟಿನ ಬಳಿ ನಿಂತು ಈ ಚಕ್ರದ ಮನೆಯನ್ನು ನೋಡಿ ಹೋಗುತ್ತಿದ್ದರು. ಮಂಗಳೂರಿಗೆ ಇಳಿಯುವುದು, ಅಲ್ಲಿಂದ ಕಡಲ ಮಗ್ಗುಲಲ್ಲೇ ಉಡುಪಿ, ಕುಂದಾಪುರ, ಕಾರವಾರ. ಸೇತುವೆಯಿಲ್ಲದ ಹೊಳೆಗಳಲ್ಲಿ ಜೋಡಿ ದೋಣಿಯ ಮೇಲೆ ವ್ಯಾನನ್ನೇ ದಾಟಿಸುವುದು. ಮನಸ್ಸು ಬಂದ ಕಡೆ ಅಡಿಗೆ, ನಿದ್ದೆ ಬಂದ ಕಡೆ ಹಾಸಿಗೆ. ಬರುವಾಗ ಜೋಗ ನೋಡಿಕೊಂಡು ಬಯಲು ಸೀಮೆಯ ಹಳ್ಳಿಗಳ ಮೇಲೆ ವಾಪಸು. ಇದು ಅವರ ಲೆಕ್ಕಾಚಾರ. ಮಗ ಹೋದ ಮೇಲೆ ಚಂದ್ರಮತಿ ಬೀದಿಯ ತುದಿಯ ದೇವಸ್ಥಾನ ದಾಟಿ ಎಲ್ಲಿಗೂ ಹೋಗಿರಲಿಲ್ಲ. ಅವಳು ಮನೆ ಬಿಟ್ಟು ಬರುವುದಿಲ್ಲವಾದರೆ ಮನೆಯನ್ನೇ ಹೊರಡಿಸೋಣ ಎಂದುಕೊಂಡಿದ್ದರು.

ಕೆಂಪಯ್ಯ ಸಾಮಾನು ಕಟ್ಟಿಕೊಂಡು ಹೋದ ಮೇಲೆ ಚಂದ್ರಮತಿ ಕಾಫಿ ತಂದು, ವ್ಯಾನು ಹತ್ತಿ, ಒಳಗಿದ್ದ ಗಂಡನಿಗೆ ಲೋಟ ಕೊಟ್ಟು ಹೊಸ ಮಂಚದ ಮೇಲೆ ಕೂತರು.

"ಅವನು ಕೇಳಿದ್ದಕ್ಕೆ ನೀವು ಏನೂ ಹೇಳಲಿಲ್ಲ."

"ಹಳೇ ಗಾಡಿ. ಹಾಸನದ ಕಡೆ ಘಾಟಿ ಇದಕ್ಕೆ ಸಲೀಸು."

"ನಾನು ಸಂಪಾಜೆ ಘಾಟಿ ನೋಡ್ಬೇಕು ಕಣ್ರೀ."

ಏಳು ವರ್ಷದಿಂದ ಆ ಹೆಸರನ್ನು ಆ ಮನೆಯಲ್ಲಿ ಯಾರೂ ಎತ್ತಿರಲಿಲ್ಲ. ಮಂಗಳೂರಿನ ಬ್ಯಾಂಕೊಂದರಲ್ಲಿ ಕೆಲಸ ಸಿಕ್ಕಿ ಹೊರಟಿದ್ದ ಮಗ ಶ್ರೀಕಂಠ. ಆಷಾಢದ ಮಳೆಯಲ್ಲಿ ಬಸ್ಸು ಮಡಿಕೇರಿ ದಾಟಿ ಸಂಪಾಜೆ ಘಾಟಿಯ ತಿರುವೊಂದರಲ್ಲಿ ರಸ್ತೆ ತಪ್ಪಿ ಉರುಳಿತ್ತು. ಉಳಿದವರೆಲ್ಲ ಕೈಕಾಲು ಮುರಿದುಕೊಂಡು ಬದುಕಿದರು. ಅವನೊಬ್ಬ ಬದುಕಲಿಲ್ಲ. ಗೋವಿಂದರಾಜು ಹೋಗಿ ಮಗನನ್ನು ತಂದಿದ್ದರು. ತಾಯಿ ಕಂಡದ್ದು ಹಜಾರದಲ್ಲಿ ಮಲಗಿಸಿದ್ದವನ ಮುಖವನ್ನು ಮಾತ್ರ.

"ಅಲ್ಲಿ ನೋಡೋಕೆ ಏನಿದೆ ಚಂದ್ರಾ? ಬೇಡ."

"ನೀವು ನೋಡಿದ್ದೀರಲ್ಲ."

"ನೋಡಿದ್ದಕ್ಕೇ ಹೇಳ್ತಾ ಇರೋದು. ಕಣ್ಣು ಮುಚ್ಚಿದ್ರೆ ಅದೇ ಜಾಗ."

"ನಿಮಗಾದ್ರೆ ಒಂದೇ ಜಾಗ. ನಂಗೆ ದಿನಕ್ಕೊಂದು ಕಾಣುತ್ತೆ. ಒಂದಿನ ಬಂಡೆ, ಒಂದಿನ ನೀರು, ಒಂದಿನ ಬರೀ ಕತ್ತಲೆ. ಯಾವುದು ಅಂತ ಗೊತ್ತಾಗಿಬಿಟ್ರೆ ಸಾಕು."

ಗೋವಿಂದರಾಜು ದಡಕ್ಕನೆ ಎದ್ದರು. "ಹಂಗಾದ್ರೆ ಈ ಪ್ರಯಾಣಾನೇ ಬೇಡ. ನಾಳೇನೇ ಗಾಡಿ ಮಾರಿಬಿಡ್ತೀನಿ."

"ಮಾರಿಬಿಡಿ. ನಾನು ಬಸ್ಸಲ್ಲೇ ಹೋಗ್ತೀನಿ."

ದನಿ ಏರಿರಲಿಲ್ಲ. ಚಂದ್ರಮತಿ ಖಾಲಿ ಲೋಟ ತೆಗೆದುಕೊಂಡು ಇಳಿದು ಹೋದರು. ಗೋವಿಂದರಾಜು ಹೊತ್ತು ಮುಳುಗುವವರೆಗೂ ವ್ಯಾನಿನಲ್ಲೇ ಕೂತಿದ್ದರು.

ದೀಪಾವಳಿ ಕಳೆದು ಮಳೆ ಪೂರ್ತಿ ಬಿಟ್ಟ ಮೇಲೆ ಹೊರಟರು. ಯಾವ ದಾರಿ ಎಂದು ಅವರೂ ಹೇಳಲಿಲ್ಲ, ಚಂದ್ರಮತಿಯೂ ಕೇಳಲಿಲ್ಲ. ಬಿಳಿಕೆರೆಯಲ್ಲಿ ಹಾಸನದ ರಸ್ತೆ ಬಲಕ್ಕೆ ಒಡೆಯುವ ಕಡೆ ಗೋವಿಂದರಾಜು ವೇಗ ತಗ್ಗಿಸಿ ಹೆಂಡತಿಯ ಕಡೆ ನೋಡಿದರು. ಅವರು ನೆಟ್ಟಗೆ ಮುಂದಕ್ಕೆ ನೋಡುತ್ತಿದ್ದರು. ವ್ಯಾನು ಬಲಕ್ಕೆ ಹೊರಳದೆ ಹುಣಸೂರಿನ ಕಡೆಗೇ ಸಾಗಿತು.

ಮಡಿಕೇರಿಯಲ್ಲಿ ತಂಗಿದ್ದು, ಬೆಳಗಾದ ಮೇಲೆ ಘಾಟಿ ಇಳಿಯತೊಡಗಿದರು. ರಸ್ತೆಯ ಅಂಚಿಗೆ ಈಗ ಸುಣ್ಣ ಬಳಿದ ಕಲ್ಲುಗಳನ್ನು ನೆಟ್ಟಿದ್ದರು. ಆದರೂ ಗೋವಿಂದರಾಜು ಆ ತಿರುವನ್ನು ದೂರದಿಂದಲೇ ಗುರುತಿಸಿದರು. ವ್ಯಾನು ನಿಲ್ಲಿಸಿದರು. ಚಂದ್ರಮತಿ ಒಬ್ಬರೇ ಇಳಿದು, ಕಲ್ಲುಗಳ ನಡುವೆ ನಿಂತು ಕೆಳಗೆ ನೋಡಿದರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಗಿಡಗಳ ಬುಡ ಹಿಡಿದು ಇಳಿಯತೊಡಗಿದರು.

"ಚಂದ್ರಾ, ಬೇಡ ಕಣೇ, ಜಾರುತ್ತೆ!" ಗೋವಿಂದರಾಜು ಅಂಚಿಗೆ ಓಡಿ ಬಂದರು. ಅಲ್ಲೇ ಸುಣ್ಣದ ಕಲ್ಲೊಂದನ್ನು ಹಿಡಿದು ನಿಂತರು.

ಕೆಳಗೆ ಒಂದು ಸಣ್ಣ ತೊರೆ, ಪಕ್ಕದಲ್ಲಿ ಪಾಚಿಗಟ್ಟಿದ ಬಂಡೆ. ಚಂದ್ರಮತಿ ಆ ಬಂಡೆಯ ಮೇಲೆ ಅಂಗೈ ಊರಿ ಮೇಲೆ ನೋಡಿದರು. ಇದೇನಾ ಎಂದು ಕೇಳಿದಂತಿತ್ತು. ಗೋವಿಂದರಾಜು ಹೌದೆಂದು ತಲೆಯಾಡಿಸಿದರು. ಚಂದ್ರಮತಿ ಅಂಗೈಯನ್ನು ಹಾಗೇ ಇಟ್ಟುಕೊಂಡು ತುಂಬ ಹೊತ್ತು ನಿಂತಿದ್ದು, ತೊರೆಯ ನೀರಿನಲ್ಲಿ ಮುಖ ತೊಳೆದುಕೊಂಡು, ಬಂದ ಹಾಗೆಯೇ ಗಿಡ ಹಿಡಿಯುತ್ತ ಮೇಲಕ್ಕೆ ಬಂದರು. ಕೊನೆಯಲ್ಲಿ ಗೋವಿಂದರಾಜು ಕೈ ಚಾಚಿದರು. ಆಕೆ ಅದನ್ನು ಹಿಡಿದು ಹತ್ತಿದರು.

ಮೊಣಕಾಲಿಗೆ ಮಣ್ಣು ಮೆತ್ತಿತ್ತು, ಉಸಿರು ಏರಿತ್ತು. ಗಂಡನ ಕೈ ಬಿಡದೆ ಚಂದ್ರಮತಿ ಇನ್ನೊಮ್ಮೆ ಕೆಳಗೆ ನೋಡಿದರು.

"ಈ ವಯಸ್ಸಲ್ಲಿ ನಾನೇ ಇಳಿದು ಹತ್ತಿ ಬಂದ್ಬಿಟ್ಟೆನಲ್ರೀ. ಅವನಿಗಿನ್ನೂ ಇಪ್ಪತ್ತೆರಡು."