ಗಿರಣಿಗೆ ಹೋದವನು

“ಅವತ್ತು ಗಿರಣಿಗೆ ಹೋಗಿದ್ದು ನೀನಲ್ಲ ಕಣೋ. ನಿನ್ನಣ್ಣ ಇಂಗೋ ಹೋಗಿದ್ದ,” ಎಂದು ರೋಸ್ವಿಟಾ ಪ್ಲಮ್ ಹಣ್ಣಿನ ಕೇಕು ಕತ್ತರಿಸುತ್ತಲೇ ಹೇಳಿದರು.

ಫಾಲ್ಕ್ ಮಾತನ್ನು ಅರ್ಧಕ್ಕೇ ನಿಲ್ಲಿಸಿ ತಾಯಿಯ ಮುಖ ನೋಡಿದ. ಮೇಜಿನ ಮೇಲೆ ಮೈಕೆಯ ಧ್ವನಿಮುದ್ರಣ ಯಂತ್ರ ಓಡುತ್ತಲೇ ಇತ್ತು. ರೇಡಿಯೋದವಳು ಈ ಮೈಕೆ. ಟೆಕ್ನೋ ಎಂಬ, ಯಂತ್ರದ ಬಡಿತಕ್ಕೆ ಕುಣಿಸುವ ಸಂಗೀತದಲ್ಲಿ ದೊಡ್ಡ ಹೆಸರಾದ ಫಾಲ್ಕ್ ವೆಂಟ್ಸೆಲ್‌ನ ಬೇರು ಎಲ್ಲಿದೆ ಎಂದು ಕೇಳುಗರಿಗೆ ತೋರಿಸಲು ಬರ್ಲಿನ್‌ನಿಂದ ಅವನ ಜೊತೆಗೇ ಅವನ ಹುಟ್ಟೂರು ಮೇರಾನೆಯ ಈ ಅಡುಗೆಮನೆಗೆ ಬಂದಿದ್ದಳು. ಬೇರು ಯಾವುದೆಂದು ಅವಳಿಗೆ ಮೊದಲೇ ಗೊತ್ತಿತ್ತು, ಅವನ ಸಂಗೀತ ಕೇಳುವ ಎಲ್ಲರಿಗೂ ಗೊತ್ತಿತ್ತು. ಎಂಟು ವರ್ಷದ ಹುಡುಗ ಅಪ್ಪನ ಕೈ ಹಿಡಿದು ನೇಯ್ಗೆ ಗಿರಣಿಯೊಳಗೆ ಕಾಲಿಟ್ಟದ್ದು, ನೂರಾರು ಮಗ್ಗಗಳು ಒಟ್ಟಿಗೆ ಬಡಿಯುತ್ತಿದ್ದದ್ದು, ನೆಲದ ನಡುಕ ಅಂಗಾಲಿನಿಂದ ಹೊಟ್ಟೆಗೆ ಏರಿದ್ದು. ಪಾಠವಿಲ್ಲ, ಪಿಯಾನೋ ಇಲ್ಲ, ಆ ಒಂದು ಮಧ್ಯಾಹ್ನವೇ ನನ್ನ ಗುರು ಎಂದು ಅವನು ಹೋದ ದೇಶದಲ್ಲೆಲ್ಲ ಹೇಳಿಕೊಂಡು ಬಂದಿದ್ದ.

ಅಮ್ಮನಿಗೆ ವಯಸ್ಸಾಯಿತು, ಎಲ್ಲ ಕಲಸಿಹೋಗಿದೆ ಎಂದು ಅವನು ಮೈಕೆಯ ಕಡೆ ನೋಡಿ ನಕ್ಕ. ರೋಸ್ವಿಟಾ ನಗಲಿಲ್ಲ. ನಿನಗೆ ಆಗ ಮಂಗನಬಾವು, ಕೆನ್ನೆ ಎರಡೂ ಊದಿಕೊಂಡು ತಲೆಗೆ ಶಾಲು ಸುತ್ತಿಕೊಂಡು ಮಲಗಿದ್ದೆ, ನಿನ್ನನ್ನು ನೋಡಿಕೊಳ್ಳಲಿಕ್ಕೇ ನಾನು ಕೆಲಸಕ್ಕೆ ರಜೆ ಹಾಕಿದ್ದು ಎಂದರು. ಮನೆಯಲ್ಲಿ ಇಬ್ಬರು ಹುಡುಗರ ಗಲಾಟೆ ಬೇಡವೆಂದು ಅಪ್ಪ ದೊಡ್ಡವನನ್ನು ಗಿರಣಿಗೆ ಕರೆದುಕೊಂಡು ಹೋಗಿದ್ದರಂತೆ. ಸಂಜೆ ವಾಪಸು ಬಂದ ಇಂಗೋಗೆ ಕಿವಿ ಮಂದವಾಗಿ, ಮಾತೆಲ್ಲ ಕೂಗಾಟವಾಗಿತ್ತಂತೆ. ಆಮೇಲೆ ತಮ್ಮನ ಮಂಚದ ಹತ್ತಿರ ಕೂತು, ಮಗ್ಗ ಹೇಗೆ ಬಡಿಯುತ್ತೆ ಅಂತ ಮಂಚದ ಹಲಗೆಯ ಮೇಲೆ ಗುದ್ದಿ ತೋರಿಸಿದನಂತೆ. ದಿನವೂ ಅದೇ ಆಟ. ಹಲಗೆ ಸೀಳುಬಿಟ್ಟ ಮೇಲೇ ಅವನು ನಿಲ್ಲಿಸಿದ್ದು.

ಫಾಲ್ಕ್‌ನ ನಗು ಎಲ್ಲೋ ನಿಂತುಹೋಗಿತ್ತು. ಅವನಿಗೆ ಎಣ್ಣೆಯ ವಾಸನೆ ನೆನಪಿತ್ತು. ಸದ್ದಿನಲ್ಲಿ ಮಾತು ಕೇಳದೆ ಬರೀ ತುಟಿ ಆಡಿಸಿ ಮಾತಾಡುತ್ತಿದ್ದ ಹೆಂಗಸರು ನೆನಪಿದ್ದರು. ಅಪ್ಪನ ಬೆರಳಿನ ಒರಟುತನ ನೆನಪಿತ್ತು. ಇವನ್ನೆಲ್ಲ ಮಂಚದಲ್ಲಿ ಮಲಗಿಕೊಂಡು ಕೇಳಿದ್ದೇ? ಅಪ್ಪನನ್ನು ಕೇಳೋಣವೆಂದರೆ ಅವರಿಲ್ಲ. ಗಿರಣಿಯೂ ಇಲ್ಲ. ಬರ್ಲಿನ್ ಗೋಡೆ ಬಿದ್ದು ಎರಡು ಜರ್ಮನಿ ಒಂದಾದ ಮೇಲೆ ಅದನ್ನು ಮುಚ್ಚಿ, ಕೆಡವಿ, ಕಾರು ನಿಲ್ಲಿಸುವ ಬಯಲು ಮಾಡಿದ್ದರು.

ಯಂತ್ರ ನಿಲ್ಲಿಸಲೇ ಎಂದು ಮೈಕೆ ಮೆಲ್ಲಗೆ ಕೇಳಿದಳು. ಬೇಡ ಅಂದ. ಯಾಕೆ ಬೇಡ ಅಂದೆ ಎಂಬುದು ಅವನಿಗೇ ತಿಳಿಯಲಿಲ್ಲ.

ಅಷ್ಟರಲ್ಲಿ ಇಂಗೋ ಬಂದ. ಊರಿನ ಬಸ್ಸು ಓಡಿಸುವವನು. ಭಾನುವಾರ ತಾಯಿಯ ಮನೆಯಲ್ಲೇ ಅವನ ಕಾಫಿ. ಕೋಟು ಬಿಚ್ಚುವುದಕ್ಕೂ ಬಿಡದೆ ಫಾಲ್ಕ್ ವಿಷಯ ಹೇಳಿದ. ಇಂಗೋ ಮೈಕೆಯನ್ನೂ ಯಂತ್ರವನ್ನೂ ಒಮ್ಮೆ ನೋಡಿ ಕುರ್ಚಿ ಎಳೆದುಕೊಂಡು ಕೂತ.

“ಹೋಗಿದ್ದೆ ಅನ್ಸುತ್ತೆ,” ಎಂದ.

“ಅನ್ಸುತ್ತೆ ಅಂದ್ರೆ? ಹೋಗಿದ್ಯೋ ಇಲ್ವೋ?”

“ಮೊದಲನೇ ಸಲ ನೀನು ಪೇಪರ್‌ನಲ್ಲಿ ಹೇಳಿದ್ದು ಓದ್ದಾಗ, ಓಹೋ, ಅಪ್ಪ ಇವನನ್ನೂ ಇನ್ನೊಂದು ಸಲ ಕರ್ಕೊಂಡು ಹೋಗಿರಬೇಕು ಅಂದ್ಕೊಂಡೆ. ಆಮೇಲೆ ಟೀವಿಲಿ ಬಂತು. ಪುಸ್ತಕದಲ್ಲೂ ಬಂತು. ಎಲ್ಲದರಲ್ಲೂ ನೀನೇ ಇದ್ದೆ. ನಾನು ಹೋಗಿದ್ದು ಸುಳ್ಳೇನೋ, ಮಲಗಿದ್ದವನು ನಾನೇ ಏನೋ ಅನ್ಸೋಕೆ ಶುರುವಾಯ್ತು.”

“ಒಂದು ಮಾತು ನಂಗೆ ಹೇಳ್ಬಾರ್ದಿತ್ತಾ?”

“ಏನಂತ ಹೇಳ್ಲಿ? ನೀನು ನನಗಿಂತ ಚೆನ್ನಾಗಿ ಹೇಳ್ತಿದ್ದೆ.”

ಅದರಲ್ಲಿ ಕೊಂಕಿತ್ತೋ ಇಲ್ಲವೋ, ಫಾಲ್ಕ್‌ಗೆ ಗೊತ್ತಾಗಲಿಲ್ಲ. ಅಣ್ಣ ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಇಂಗೋ ಬೈಯಲಿಲ್ಲ, ಕಾಫಿಗೆ ಹಾಲು ಸುರಿದುಕೊಂಡ. ಫಾಲ್ಕ್ ಎದ್ದು ಅವನ ಮುಂದಿದ್ದ ಬಟ್ಟಲು ತಟ್ಟೆಗಳನ್ನೆಲ್ಲ ಬದಿಗೆ ಸರಿಸಿದ. ಆಗ ಮಂಚದ ಮೇಲೆ ಗುದ್ದುತ್ತಿದ್ದೆಯಲ್ಲ, ಹಾಗೇ ಒಂದು ಸಲ ಮೇಜಿನ ಮೇಲೆ ಗುದ್ದು ಎಂದ. ಅವನ ಸ್ವರ ಬೇಡಿಕೊಳ್ಳುವಂತಿತ್ತು. ಅದೊಂದನ್ನು ಕೇಳಿಸಿಕೊಂಡರೆ ಸಾಕು, ತಾನು ಎಲ್ಲಿದ್ದೆನೆಂದು ಮೈಗೇ ಗೊತ್ತಾಗಿಬಿಡುತ್ತದೆ ಎಂದು ಅವನಿಗೆ ಅನ್ನಿಸುತ್ತಿತ್ತು.

ಇಂಗೋ ಸ್ವಲ್ಪ ಹೊತ್ತು ತನ್ನ ಕೈಗಳನ್ನೇ ನೋಡಿಕೊಂಡ. ಆಮೇಲೆ ಮುಷ್ಟಿ ಕಟ್ಟಿ ಶುರುಮಾಡಿದ. ಚಮಚಗಳು ಕುಣಿದವು. ಮೈಕೆಯ ಕಾಲು ಅವಳಿಗೆ ತಿಳಿಯದಂತೆ ತಾಳ ಹಾಕತೊಡಗಿತು. ಅವಳು ಎಷ್ಟೋ ಸಲ ಕುಣಿದಿದ್ದ ತಾಳ ಅದು. ಇಂಗೋ ತಟ್ಟನೆ ಕೈ ನಿಲ್ಲಿಸಿದ.

“ಇದು ನಿನ್ನದು,” ಎಂದ. “ನಿನ್ನ ಮೊದಲನೇ ರೆಕಾರ್ಡು. ಗಿರಣಿ ನೆನೆಸ್ಕೊಳ್ಳೋಕೆ ಹೋದ್ರೆ ಈಗ ಇದೇ ಬರುತ್ತೆ. ಅದು ಹೋಯ್ತು ಕಣೋ, ಸಿಗ್ತಾ ಇಲ್ಲ.”

ಆಮೇಲೆ ಅಣ್ಣತಮ್ಮಂದಿರಿಬ್ಬರೂ ಒಟ್ಟಿಗೇ ತಾಯಿಯ ಕಡೆ ತಿರುಗಿದರು. ಆ ಮಗ್ಗಗಳ ನಡುವೆಯೇ ನಿಂತು ನೇಯ್ದು ವಯಸ್ಸು ಕಳೆದವರು ರೋಸ್ವಿಟಾ. ಮೈಕೆ ಧ್ವನಿಮುದ್ರಣ ಯಂತ್ರವನ್ನು ಅವರ ಹತ್ತಿರಕ್ಕೆ ತಳ್ಳಿದಳು.

“ಅಮ್ಮಾ, ನೀನು ಹೇಳು. ನಿಜವಾಗ್ಲೂ ಹೇಗಿತ್ತು ಆ ಸದ್ದು?” ಎಂದು ಫಾಲ್ಕ್ ಕೇಳಿದ.

ರೋಸ್ವಿಟಾ ಚಾಕುವಿಗೆ ಮೆತ್ತಿದ್ದ ಕೇಕಿನ ಚೂರನ್ನು ಬೆರಳಿನಿಂದ ತೆಗೆದು ಬಾಯಿಗೆ ಹಾಕಿಕೊಂಡರು.

“ನನ್ನ ಕೇಳಿದ್ರೆ? ನಾವೆಲ್ಲ ಕಿವಿಗೆ ಹತ್ತಿ ತುರುಕಿಕೊಂಡೇ ಒಳಗೆ ಹೋಗ್ತಿದ್ವಿ.”